ಬೀಟೆ ಹಿಡಿಯ ರಿವಾಲ್ವರ್, 8 ಅಡಿಯ ಟೇಬಲ್

"ರೀ, ಇದರಲ್ಲಿ ನೀವು ಮಾಡಿದ್ದು ಯಾವುದು?"

ನನ್ನ ಹೆಂಡತಿ ಹೀಗೆ ಕೇಳಿದಾಗ ಟೇಬಲ್ ಮೇಲೆ ನನ್ನ 11 ರಿವಾಲ್ವರ್‌ಗಳು ಸಾಲಾಗಿ ಮಲಗಿದ್ದವು. ಮೇಲೆ ಗಾಜಿನ ಮುಚ್ಚಳ, ಕೆಳಗೆ ಕೆಂಪು ಮಖಮಲ್. ಬೆಳಿಗ್ಗೆಯಿಂದ ನೂರಾರು ಜನ ಟೇಬಲ್ ಮುಂದೆ ಹಾದುಹೋಗಿದ್ದರು. ನಿಂತವರು ಹತ್ತು ಮಂದಿಯೂ ಇರಲಿಲ್ಲ. ನಿಂತವರು ಕೇಳಿದ್ದೂ ಒಂದೇ ಮಾತು, "ಎಷ್ಟಕ್ಕೆ ಕೊಡ್ತೀರಿ?" ಎರಡು ವರ್ಷ ರಾತ್ರಿ ರಾತ್ರಿ ಕೂತು ಮಾಡಿದ ಕೆಲಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳ ಪ್ರಶ್ನೆಗೆ ಉತ್ತರ ಕೊಡಲು ಹೋದಾಗ ನನಗೆ ಅರ್ಥವಾಯಿತು. ಮೊದಲು ಅದು ಹೇಗಿತ್ತು ಅಂತ ತೋರಿಸದಿದ್ದರೆ, ಈಗ ಹೇಗಿದೆ ಅನ್ನುವುದಕ್ಕೆ ನೋಡುವವರ ಮಟ್ಟಿಗೆ ಅರ್ಥವೇ ಇಲ್ಲ.

ನಾವಿರುವುದು ಅಮೆರಿಕದ ಓಹಾಯೋದಲ್ಲಿ. ಇಲ್ಲಿ ಗನ್ ಶೋ ನಡೆಯುವುದು ಹೆಚ್ಚಾಗಿ ಕೌಂಟಿ ಫೇರ್‌ಗ್ರೌಂಡ್‌ನಲ್ಲಿ. ಬೇಸಿಗೆಯ ಜಾತ್ರೆಗೆ ದನ, ಹಂದಿ, ಕುರಿ ತಂದು ಕಟ್ಟುವ ಮೈದಾನ ಅದು. ಚಳಿಗಾಲದಲ್ಲಿ ಅಲ್ಲಿನ ದೊಡ್ಡ ಶೆಡ್‌ನೊಳಗೆ ಟೇಬಲ್ ಹಾಕಿ ಬಾಡಿಗೆಗೆ ಕೊಡುತ್ತಾರೆ. ಹಳೆಯ ರೈಫಲ್, ಚಾಕು, ಬಂದೂಕು ಸೊಂಟಕ್ಕೆ ಸಿಕ್ಕಿಸುವ ಚರ್ಮದ ಚೀಲ (ಹೋಲ್ಸ್ಟರ್), ಯುದ್ಧ ಕಾಲದ ಸಾಮಾನು, ಒಣಮಾಂಸ ಮಾರುವವರು ಸಹ ಇರುತ್ತಾರೆ. ಒಕ್ಲಹೋಮದ ಟಲ್ಸಾದಲ್ಲಿ ನಡೆಯುವಂಥ ದೊಡ್ಡ ಶೋನಲ್ಲಿ ಸಾವಿರಾರು ಟೇಬಲ್ ಇರುತ್ತವೆ. ನಮ್ಮದು ಊರಿನ ಸಣ್ಣ ಶೋ. ಸಂಗ್ರಹ ಇಟ್ಟುಕೊಂಡವರಿಗೆ ಸುಮ್ನೆ ತೋರಿಸಲು ಒಂದು ಸಾಲು ಬಿಟ್ಟಿರುತ್ತಾರೆ. ನನ್ನ ಟೇಬಲ್ ಅಲ್ಲಿಯೇ.

ನಾನು ಕೊಡಗಿನವನು. ಮನೆಯಲ್ಲಿ ಜಮ್ಮಾ ಕೋವಿ, ಅಂದರೆ ತಲೆಮಾರಿನಿಂದ ಬಂದ ಬಂದೂಕು ಇತ್ತು. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅದಕ್ಕೆ ಎಣ್ಣೆ ಹಚ್ಚಿ, ಒರೆಸಿ, ಗೌರಿ ಹೂ ಸಿಕ್ಕಿಸಿ, ದೇವರ ಮುಂದೆ ಇಡುತ್ತಿದ್ದರು. ಅಜ್ಜ ಒರೆಸಿದ ಬಟ್ಟೆಯ ವಾಸನೆ ಇವತ್ತಿಗೂ ನೆನಪಿದೆ. ಆದರೆ ಅಮೆರಿಕಕ್ಕೆ ಬಂದ ಮೇಲೆ ಬಹಳ ವರ್ಷ ಬಂದೂಕಿನ ಹತ್ತಿರ ಹೋಗಲಿಲ್ಲ. ಎಚ್-1ಬಿ ವೀಸಾದಲ್ಲಿ ಇರುವವರಿಗೆ, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಇಲ್ಲಿನ ಕಾನೂನು ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆಯೇ ಶುರು ಮಾಡಿದೆ. ನಮ್ಮವರು ಯಾರಾದರೂ ಈ ಕಡೆ ಆಸೆ ಇಟ್ಟುಕೊಂಡಿದ್ದರೆ ಮೊದಲು ಇದನ್ನು ಸರಿಯಾಗಿ ವಿಚಾರಿಸಿಕೊಳ್ಳಿ.

ನಾನು ತಂದ ಮೊದಲ ರಿವಾಲ್ವರ್ ಸ್ಮಿತ್ ಅಂಡ್ ವೆಸನ್ ಮಾಡೆಲ್ 10. 4 ಇಂಚಿನ ಬ್ಯಾರಲ್ (ನಳಿಗೆ), .38 ಸ್ಪೆಷಲ್ ಅನ್ನುವ ಗುಂಡು. ಇದರ ಮೂಲ ಹೆಸರು ಮಿಲಿಟರಿ ಅಂಡ್ ಪೊಲೀಸ್, 1899ರಲ್ಲಿ ಬಂದದ್ದು. 1957ರಲ್ಲಿ ಕಂಪನಿ ತನ್ನ ಎಲ್ಲ ಮಾದರಿಗಳಿಗೂ ನಂಬರ್ ಕೊಟ್ಟಾಗ ಇದು ಮಾಡೆಲ್ 10 ಆಯಿತು. ಅಮೆರಿಕದ ಪೊಲೀಸರ ಸೊಂಟದಲ್ಲಿ ದಶಕಗಟ್ಟಲೆ ಇದ್ದದ್ದು ಇದೇ. ಪೊಲೀಸ್ ಇಲಾಖೆಗಳು ಪಿಸ್ತೂಲಿಗೆ ಬದಲಾದಾಗ ಇವು ರಾಶಿ ರಾಶಿಯಾಗಿ ಹೊರಗೆ ಬಂದವು. ಒಳಗಿನ ಯಂತ್ರ ಹೊಸದರ ಹಾಗೆ, ಹೊರಗಿನ ಬಣ್ಣ ಮಾತ್ರ ಹೋಗಿರುತ್ತದೆ. ಹೋಲ್ಸ್ಟರ್‌ಗೆ ಉಜ್ಜಿ ಉಜ್ಜಿ ಬ್ಯಾರಲ್ ತುದಿ ಮತ್ತು ಗುಂಡು ತುಂಬುವ, ತಿರುಗುವ ಸಿಲಿಂಡರಿನ ಏಣುಗಳು ಬೆಳ್ಳಗಾಗಿರುತ್ತವೆ.

ನನ್ನ ಕೆಲಸಕ್ಕೆ ಇಂಥವೇ ಬೇಕು. ಫ್ಯಾಕ್ಟರಿ ಬಣ್ಣ ಉಳಿದಿರುವ ಹಳೆಯ ರಿವಾಲ್ವರನ್ನು ನಾನು ಮುಟ್ಟುವುದಿಲ್ಲ. ಒಮ್ಮೆ ಉಜ್ಜಿದರೆ ಅದರ ಮೂಲ ರೂಪ ಮತ್ತೆ ಬರುವುದಿಲ್ಲ, ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆಯೂ ಅರ್ಧಕ್ಕೆ ಇಳಿಯಬಹುದು. ಒಳಗಿನ ಟ್ರಿಗರ್ ಕೆಲಸಕ್ಕೂ ಕೈ ಹಾಕುವುದಿಲ್ಲ. ಅದು ಲೈಸೆನ್ಸ್ ಇರುವ ಗನ್‌ಸ್ಮಿತ್‌ನ, ಅಂದರೆ ಬಂದೂಕು ರಿಪೇರಿಯವನ ಕೆಲಸ. ನನ್ನದು ಹೊರಗಿನದು ಮಾತ್ರ: ಉಕ್ಕಿನ ಬಣ್ಣ, ಮರದ ಹಿಡಿ.

ಬಣ್ಣ ಅಂದರೆ ಬಳಿಯುವ ಬಣ್ಣವಲ್ಲ. ಉಕ್ಕಿಗೆ ಬೇಕೆಂದೇ ತುಕ್ಕು ಹಿಡಿಸಿ, ಆ ತುಕ್ಕನ್ನೇ ಕಪ್ಪು ಪದರವಾಗಿ ಬದಲಾಯಿಸುವುದು. ರಸ್ಟ್ ಬ್ಲೂಯಿಂಗ್ ಅನ್ನುತ್ತಾರೆ. ಇವತ್ತಿನ ಕಾರ್ಖಾನೆಗಳಲ್ಲಿ ಬಿಸಿ ಉಪ್ಪಿನ ದ್ರಾವಣದಲ್ಲಿ ಅದ್ದಿ ಒಂದೇ ಸಲಕ್ಕೆ ಬಣ್ಣ ಬರಿಸುತ್ತಾರೆ. ರಸ್ಟ್ ಬ್ಲೂಯಿಂಗ್ ಅದಕ್ಕಿಂತ ಹಳೆಯದು. ಬೆಸುಗೆ ಹಾಕಿ ಜೋಡಿಸಿದ ಜೋಡಿ ನಳಿಗೆ ಕೋವಿಗಳಿಗೆ ಇವತ್ತಿಗೂ ಇದೇ ಬೇಕು, ಯಾಕೆಂದರೆ ಆ ಬಿಸಿ ಉಪ್ಪು ಸೀಸದ ಬೆಸುಗೆಯನ್ನು ತಿಂದುಹಾಕುತ್ತದೆ.

ಮೊದಲು ರಿವಾಲ್ವರನ್ನು ಪೂರ್ತಿ ಬಿಚ್ಚಿ, 400ರ ಎಮರಿ ಪೇಪರ್‌ವರೆಗೆ ಕೈಯಲ್ಲೇ ಉಜ್ಜುತ್ತೇನೆ. ಯಂತ್ರದ ಚಕ್ರಕ್ಕೆ ಕೊಟ್ಟರೆ ಏಣುಗಳು ದುಂಡಗಾಗುತ್ತವೆ, ಅಕ್ಷರಗಳು ಮಾಸುತ್ತವೆ. ಆಮೇಲೆ ಅಸಿಟೋನ್‌ನಲ್ಲಿ ಜಿಡ್ಡು ತೆಗೆಯಬೇಕು. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಜಿಡ್ಡು ಒಂದು ಚುಕ್ಕೆ ತಾಗಿದರೂ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ತುಕ್ಕಿನ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ, ಹಿಂಡಿ, ಒದ್ದೆ ಆಯಿತೋ ಇಲ್ಲವೋ ಅನ್ನುವಷ್ಟು ತೆಳ್ಳಗೆ ಸವರಿ, ತೇವ ಇರುವ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ತೂಗುಹಾಕುತ್ತೇನೆ. ಬೆಳಿಗ್ಗೆ ತೆಗೆದು ನೋಡಿದರೆ ಮೈತುಂಬ ಅರಿಶಿನ ಕುಂಕುಮ ಬೆರೆಸಿದ ಹಾಗೆ ನಯವಾದ ಕೆಂಪು ತುಕ್ಕು. ಅದನ್ನು ಹಾಗೇ ಕುದಿಯುವ ನೀರಿಗೆ ಹಾಕಬೇಕು. 15–20 ನಿಮಿಷ. ಕಣ್ಣೆದುರೇ ಕೆಂಪು ಹೋಗಿ, ಮಸಿ ಬಟ್ಟೆಯಂತೆ ಮೆತ್ತಗೆ ಕಪ್ಪಾಗುತ್ತದೆ. ಕಬ್ಬಿಣದ ಒಂದು ಆಕ್ಸೈಡು ಇನ್ನೊಂದಾಗುವುದು ಅಷ್ಟೇ. ಎಷ್ಟು ಸಲ ನೋಡಿದರೂ ನನಗೆ ಸಾಕು ಅನಿಸಿಲ್ಲ. ಆ ಮಸಿಯನ್ನು ಸಣ್ಣ ಸ್ಟೀಲ್ ವುಲ್‌ನಿಂದ ಉಜ್ಜಿ ತೆಗೆದರೆ ಅಡಿಯಲ್ಲಿ ತೆಳುವಾದ ಬೂದು ಪದರ ಉಳಿದಿರುತ್ತದೆ. ಮತ್ತೆ ದ್ರಾವಣ, ಮತ್ತೆ ತುಕ್ಕು, ಮತ್ತೆ ಕುದಿ. ಹೀಗೆ 6–7 ಸಲ ಆದಮೇಲೆ ಅದು ಮಳೆಗಾಲದ ಮೋಡದ ಬಣ್ಣಕ್ಕೆ ಬರುತ್ತದೆ. ಕೊನೆಗೆ ಅಡುಗೆ ಸೋಡಾ ನೀರಲ್ಲಿ ತೊಳೆದು ಎಣ್ಣೆ ಹಚ್ಚುತ್ತೇನೆ.

ಮೊದಲ ಸಲ ನಲ್ಲಿ ನೀರಲ್ಲಿ ಕುದಿಸಿದ್ದೆ. ಬ್ಯಾರಲ್ ತುಂಬ ಬಿಳಿ ಕಲೆ ಬಿತ್ತು. ಎರಡು ವಾರದ ಕೆಲಸವನ್ನು ಉಜ್ಜಿ ತೆಗೆದು ಮೊದಲಿಂದ ಶುರು ಮಾಡಬೇಕಾಯಿತು. ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ನೀರೇ ಬೇಕು.

ಹಿಡಿಗೆ ಬರುತ್ತೇನೆ. ಗಿಟಾರ್ ಮಾಡುವವರಿಗೆ ಮರ ಮಾರುವ ಅಂಗಡಿಯಲ್ಲಿ 'ಈಸ್ಟ್ ಇಂಡಿಯನ್ ರೋಸ್‌ವುಡ್' ಅಂತ ಚೀಟಿ ಅಂಟಿಸಿದ ಸಣ್ಣ ತುಂಡು ಸಿಕ್ಕಿತು. ಮನೆಗೆ ತಂದು ಗರಗಸ ಹಾಕಿದೆ. ನಾಲ್ಕು ಎಳೆತಕ್ಕೆ ಗ್ಯಾರೇಜ್ ತುಂಬ ಒಂದು ಸಿಹಿ ಘಮ. ಗರಗಸ ಹಿಡಿದ ಕೈ ಅಲ್ಲೇ ನಿಂತಿತು. ಅದು ನಮ್ಮ ಬೀಟೆ ಮರ! ನಮ್ಮ ಹಳೆ ಮನೆಯ ಬಾಗಿಲು, ಅಜ್ಜಿಯ ಮಂಚ, ಎಲ್ಲ ಬೀಟೆಯದ್ದೇ. ಬಡಗಿ ಬಂದು ಬಾಗಿಲ ಕೆಳಗಂಚು ಕೀಸಿದ ದಿನ ಜಗಲಿಯಲ್ಲಿ ಇದೇ ವಾಸನೆ ಇರುತ್ತಿತ್ತು. ಪಶ್ಚಿಮ ಘಟ್ಟದ ಮರವೊಂದು ಹೆಸರು ಬದಲಿಸಿಕೊಂಡು ಓಹಾಯೋದ ಗ್ಯಾರೇಜಿಗೆ ಬಂದಿತ್ತು.

ಬೀಟೆಯಲ್ಲಿ ಕೆಲಸ ಮಾಡುವವರಿಗೆ ಎರಡು ಮಾತು. ಅದರ ಹುಡಿ ಮೂಗಿಗೆ, ಚರ್ಮಕ್ಕೆ ಒಳ್ಳೆಯದಲ್ಲ, ಮಾಸ್ಕ್ ಬೇಕೇ ಬೇಕು. ಇನ್ನೊಂದು, ಆ ಮರದಲ್ಲೇ ಇರುವ ಜಿಡ್ಡಿನಿಂದ ಮೇಲೆ ಹಚ್ಚಿದ ಎಣ್ಣೆ ಪಾಲಿಶ್ ವಾರವಾದರೂ ಒಣಗುವುದಿಲ್ಲ. ನಾನು ಮೊದಲು ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಶೆಲ್ಯಾಕ್ ಹಚ್ಚುತ್ತೇನೆ. ಶೆಲ್ಯಾಕ್ ಅಂದರೆ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಅದೇ ಅರಗು, ಅಲ್ವಾ. ಇನ್ನು ಹಿಡಿಯನ್ನು ಕೂರಿಸುವುದು ಅರದ ಕೆಲಸ. ಮರ ಮತ್ತು ಉಕ್ಕು ಸೇರುವ ಕಡೆ ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು. ಮಸಿ ಹಚ್ಚಿ ಒತ್ತಿ, ಕಪ್ಪು ತಾಗಿದ ಕಡೆ ಮಾತ್ರ ಒಂದು ಚೂರು ತೆಗೆದು, ಮತ್ತೆ ಒತ್ತಿ. ಒಂದು ಜೊತೆ ಹಿಡಿಗೆ ನನಗೆ 20 ಗಂಟೆ ಬೇಕಾಗುತ್ತದೆ.

ಮೊದಲ ಶೋನಲ್ಲಿ ಇದು ಯಾವುದೂ ಜನರಿಗೆ ಕಾಣಲಿಲ್ಲ. ಹಾಗಾಗಿ ಎರಡನೇ ಸಲ 11ರ ಬದಲು 3 ಇಟ್ಟೆ.

ನಡುವೆ ಬೀಟೆ ಹಿಡಿಯ ಮಾಡೆಲ್ 10. ಪಕ್ಕದಲ್ಲಿ ಅದು ಕೈಗೆ ಬಂದ ದಿನ ತೆಗೆದ ಫೋಟೋ ಮತ್ತು ಅದರದೇ ಒಡೆದ ಹಳೆಯ ಹಿಡಿ. ಎಡಗಡೆ 1973ಕ್ಕಿಂತ ಹಿಂದಿನ ರೂಗರ್ ಸಿಂಗಲ್-ಸಿಕ್ಸ್. ಈ ಹಳೆಯ ಮಾದರಿಯಲ್ಲಿ ಗುಂಡಿಗೆ ಹೊಡೆಯುವ ಹ್ಯಾಮರ್‌ನ ಕೆಳಗೆ ಬರುವ ಗುಂಡಿನ ಕೋಣೆ ಖಾಲಿ ಇಡಲೇಬೇಕು. ಕೈತಪ್ಪಿ ಕೆಳಗೆ ಬಿದ್ದರೆ ಗುಂಡು ಹಾರುವ ಅಪಾಯ ಇದೆ. ಕಂಪನಿಗೆ ಕಳಿಸಿದರೆ ದುಡ್ಡು ತೆಗೆದುಕೊಳ್ಳದೆ ಸುರಕ್ಷತೆಯ ಭಾಗ ಹಾಕಿಕೊಟ್ಟು, ತೆಗೆದ ಹಳೆಯ ಭಾಗಗಳನ್ನೂ ವಾಪಸ್ ಕೊಡುತ್ತಾರೆ. ನಾನು ಹಾಕಿಸಿದ್ದೇನೆ. ಹಳೆಯ ಭಾಗಗಳನ್ನು ಸಣ್ಣ ಡಬ್ಬಿಯಲ್ಲಿಟ್ಟು ಪಕ್ಕದಲ್ಲೇ ತೋರಿಸಿದೆ. ಬಲಗಡೆ ಕಡವೆ ಕೊಂಬಿನ ಹಿಡಿಯ ರೂಗರ್ ಬ್ಲ್ಯಾಕ್‌ಹಾಕ್. ಆ ಹಿಡಿ ನಾನು ಮಾಡಿದ್ದಲ್ಲ, ಕೊಂಡಾಗಲೇ ಇತ್ತು, ಹಳದಿಗೆ ತಿರುಗಿದೆ. ಇಲ್ಲಿನವರು ಇದನ್ನು 'ಇಂಡಿಯಾ ಸ್ಟ್ಯಾಗ್' ಅನ್ನುತ್ತಾರೆ. ಒಂದು ಕಾಲದಲ್ಲಿ ರಿವಾಲ್ವರ್, ಚಾಕುಗಳ ಹಿಡಿಗೆ ಕಡವೆ ಕೊಂಬು ಭಾರತದಿಂದ ಬರುತ್ತಿತ್ತು. 1990ರ ದಶಕದ ಕೊನೆಯಲ್ಲಿ ಭಾರತ ಅದರ ರಫ್ತು ನಿಲ್ಲಿಸಿತು. ನಿಲ್ಲಿಸಿದ್ದು ಒಳ್ಳೆಯದೇ ಆಯಿತು ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಕಡವೆ ವರ್ಷಕ್ಕೊಮ್ಮೆ ಕೊಂಬು ಉದುರಿಸುತ್ತದೆ ನಿಜ, ಆದರೆ ಪೇಟೆಯಲ್ಲಿ ಬೆಲೆ ಸಿಕ್ಕರೆ ಉದುರುವ ತನಕ ಕಾಯದವರೂ ಇರುತ್ತಾರೆ.

ಇವುಗಳ ಮುಂದೆ ಒಂದು ಬೇಡವಾದ ಹಳೆಯ ಬ್ಯಾರಲ್ ಇಟ್ಟೆ. ಅದನ್ನು ಬಳೆಯಂತೆ ಐದು ಪಟ್ಟಿ ಮಾಡಿದ್ದೆ: ಬರೀ ಉಕ್ಕು, ಕೆಂಪು ತುಕ್ಕು, ಒಂದು ಕುದಿ, ಮೂರು ಕುದಿ, ಏಳು ಕುದಿ. ಪಕ್ಕದಲ್ಲಿ ಒಂದು ಸ್ಟೀಲ್ ಬಟ್ಟಲಲ್ಲಿ ಹಿಡಿ ಕೀಸಿದಾಗ ಬಿದ್ದ ಬೀಟೆಯ ಚೂರು. ಇವೆರಡನ್ನೂ ಯಾರು ಬೇಕಾದರೂ ಮುಟ್ಟಬಹುದು.

ಬೆಳಕನ್ನೂ ಬದಲಾಯಿಸಿದೆ. ಬ್ಲೂಯಿಂಗ್ ಆದ ಉಕ್ಕು ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಮೊದಲ ಸಲ ಅದು ತೋರಿಸಿದ್ದು ಶೆಡ್ಡಿನ ಕತ್ತಲೆ ಮಾಡನ್ನು, ಹಾಗಾಗಿ ಎಲ್ಲ ಬರೀ ಕಪ್ಪು. ಈಗ ಹಿಂದೆ ಒಂದು ದೊಡ್ಡ ಬಿಳಿ ಥರ್ಮಾಕೋಲ್ ಹಲಗೆ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಎಲ್‌ಇಡಿ ಬೆಳಕು ಬಿಟ್ಟೆ. ನೀಲಿ ಎದ್ದು ಕಂಡಿತು. ಕೆಂಪು ಮಖಮಲ್ ತೆಗೆದು ಬೂದು ಉಣ್ಣೆ ಬಟ್ಟೆ ಹಾಸಿದೆ.

ಬಾಗಿಲಲ್ಲೇ ಪ್ರತಿ ಬಂದೂಕನ್ನೂ ಖಾಲಿ ಇದೆಯಾ ಅಂತ ನೋಡಿ ಪ್ಲಾಸ್ಟಿಕ್ ಟೈ ಬಿಗಿಯುತ್ತಾರೆ. ಮೊದಲ ಶೋನಲ್ಲಿ ಆ ಟೈಯ ಕತ್ತರಿಸಿದ ತುದಿ ಹಿಡಿಯ ಪಾಲಿಶ್ ಮೇಲೆ ಗೀರು ಎಳೆದಿತ್ತು. ಈಗ ನಾನೇ ಮೊದಲೇ ಟೈ ಹಾಕಿ, ತುದಿಯನ್ನು ಉಗುರು ಕತ್ತರಿಯಲ್ಲಿ ನುಣ್ಣಗೆ ಕತ್ತರಿಸಿ ಒಯ್ಯುತ್ತೇನೆ. ಬಾಗಿಲಲ್ಲಿ ನೋಡಿ ಒಪ್ಪಿಕೊಂಡರು. ಮಾಡೆಲ್ 10ರಲ್ಲಿ ಟೈ ಸಿಲಿಂಡರಿನ ಒಂದು ಕೋಣೆಯಿಂದ ಹಾದಿರುತ್ತದೆ. ಹಾಗಾಗಿ ಸಿಲಿಂಡರ್ ಮುಚ್ಚಲು ಬರುವುದಿಲ್ಲ. ಇದರಿಂದ ಇನ್ನೊಂದು ಲಾಭವೂ ಇದೆ. ಸಿನಿಮಾದಲ್ಲಿ ಮಾಡುವ ಹಾಗೆ ಮಣಿಕಟ್ಟು ಝಾಡಿಸಿ ಸಿಲಿಂಡರನ್ನು ಟಕ್ ಅಂತ ಮುಚ್ಚುವವರು ಬರುತ್ತಾರೆ. ಸಿಲಿಂಡರನ್ನು ಹಿಡಿದಿರುವ ಉಕ್ಕಿನ ತೋಳು ಅದರಿಂದ ಬಾಗುತ್ತದೆ, ಮತ್ತೆ ಸರಿ ಮಾಡುವುದು ಬಹಳ ಕಷ್ಟ. ಸಿಂಗಲ್-ಸಿಕ್ಸ್‌ನ ಸಿಲಿಂಡರನ್ನು ಬಿಚ್ಚಿ ಪಕ್ಕದಲ್ಲೇ ಇಡುತ್ತೇನೆ. ಸಣ್ಣ ಉಕ್ಕಿನ ತಂತಿ ಪ್ರತಿಯೊಂದರ ಚೌಕಟ್ಟಿನಿಂದ ಹಾದು ಟೇಬಲ್‌ಗೆ ಬೀಗ. ಟೇಬಲ್ ಬಿಟ್ಟು ಕಾಫಿಗೆ ಹೋಗಬೇಕಾದರೂ ನನ್ನ ಹೆಂಡತಿ ಅಲ್ಲಿ ಕೂತಿರಲೇಬೇಕು.

'ಮಾರಾಟಕ್ಕಲ್ಲ' ಅಂತ ಬೋರ್ಡೂ ಹಾಕಿದೆ. ಫೆಡರಲ್ ಲೈಸೆನ್ಸ್ ಇಲ್ಲದೆ ಇದನ್ನು ವ್ಯಾಪಾರವಾಗಿ ಮಾಡುವ ಹಾಗಿಲ್ಲ, ದುಡ್ಡು ತೆಗೆದುಕೊಂಡು ಬೇರೆಯವರ ಬಂದೂಕಿನ ಕೆಲಸ ಮಾಡಿಕೊಡುವ ಹಾಗೂ ಇಲ್ಲ. ನನಗೆ ಅದು ಬೇಡ ಕೂಡ.

ಆ ಎರಡು ದಿನ ಕೂರಲು ಪುರುಸೊತ್ತು ಸಿಗಲಿಲ್ಲ. ಜನ ಮೊದಲು ಬಂದದ್ದು ರಿವಾಲ್ವರಿಗಲ್ಲ, ಐದು ಪಟ್ಟಿಯ ಬ್ಯಾರಲ್‌ಗೆ. ಅದನ್ನು ತಿರುಗಿಸಿ ನೋಡಿ, ಕೆಂಪು ಪಟ್ಟಿಯ ಮೇಲೆ ಬೆರಳಿಟ್ಟು, "ಇದು ಅದಾಗುತ್ತಾ?" ಅಂತ ಕೇಳಿ, ಆಮೇಲೆ ತಲೆ ಎತ್ತಿ ಮಾಡೆಲ್ 10 ನೋಡುತ್ತಿದ್ದರು. ಅಷ್ಟು ಹೊತ್ತಿಗೆ ನೋಡುವ ಕಣ್ಣೇ ಬೇರೆಯಾಗಿರುತ್ತಿತ್ತು.

ಭಾನುವಾರ ಮಧ್ಯಾಹ್ನ ಒಬ್ಬ ವಯಸ್ಸಾದವರು ಬಂದರು. ನಿವೃತ್ತ ಪೊಲೀಸ್. ಫೋಟೋವನ್ನು ಬಹಳ ಹೊತ್ತು ನೋಡಿ, "ಈ ಬಿಳಿ ಕಲೆಗಳನ್ನು ಅಳಿಸಿಬಿಟ್ಟಿರಾ? ಅದು ಯಾರದೋ ಇಡೀ ನೌಕರಿಯ ಗುರುತು" ಅಂದರು. ನನಗೆ ಚುರುಕ್ ಅಂತು. ಅವರು ಹೇಳಿದ್ದು ಸರಿಯೇ ಇತ್ತು. ಅದಕ್ಕೇ ಫೋಟೋ ಇಟ್ಟಿದ್ದೇನೆ, ಇಲಾಖೆ ಕೊರೆಸಿದ್ದ ನಂಬರನ್ನು ಉಜ್ಜದೆ ಬಿಟ್ಟಿದ್ದೇನೆ ಅಂತ ತೋರಿಸಿದೆ. ಅವರು ಕೈಗೆ ತೆಗೆದುಕೊಂಡು ಆ ನಂಬರಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಬಟ್ಟಲಿನ ಬೀಟೆ ಚೂರನ್ನು ಮೂಗಿಗೆ ಹಿಡಿದು, ಒಂದು ಚಿಟಿಕೆ ತೆಗೆದುಕೊಳ್ಳಲಾ ಅಂತ ಕೇಳಿ, ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು.

ಸಂಜೆ ಮೂರನ್ನೂ ಒರೆಸಿ ಮೇಣ ಹಚ್ಚಿದೆ. ನೂರಾರು ಕೈಗಳ ಬೆವರು ಒಂದು ರಾತ್ರಿ ಉಳಿದರೂ ಸಾಕು, ಬೆರಳಿನ ಗುರುತೇ ತುಕ್ಕಾಗಿ ಏಳುತ್ತದೆ. ಹೋಲ್ಸ್ಟರ್‌ನಲ್ಲಿ ಇಡುವುದಿಲ್ಲ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಮುಂದಿನ ಶೋ ಮಾರ್ಚ್‌ನಲ್ಲಿ. ಇನ್ನೊಂದು ಮಾಡೆಲ್ 10 ತಂದಿದ್ದೇನೆ. ಈ ಸಲ ಬ್ಯಾರಲ್ ಮತ್ತು ಚೌಕಟ್ಟಿಗೆ ಹೊಸ ಬಣ್ಣ ಕೊಟ್ಟು, ಸವೆದ ಸಿಲಿಂಡರನ್ನು ಮಾತ್ರ ಇದ್ದ ಹಾಗೇ ಬಿಡುತ್ತೇನೆ. ಬ್ಯಾರಲ್ ಈಗ ಪೆಟ್ಟಿಗೆಯಲ್ಲಿ ನಾಲ್ಕನೇ ತುಕ್ಕು ಹಿಡಿಯುತ್ತಾ ತೂಗುತ್ತಿದೆ. ಬೆಳಿಗ್ಗೆ ಎದ್ದು ನೀರಿಡಬೇಕು.