ಕಿಲೋ ಲೆಕ್ಕದ ಹಳೆ ನಾಣ್ಯ: ಚೀಲ ಬಿಚ್ಚಿ ನೋಡುವ ಕ್ರಮ

ಕಲಬುರಗಿ, ಬೀದರ್ ಕಡೆ ಜಾತ್ರೆ, ಉರುಸಿನ ಅಂಗಡಿ ಸಾಲಿನಲ್ಲಿ, ಮೋಡಕಾ (ಗುಜರಿ) ಅಂಗಡಿಗಳಲ್ಲಿ ಹಳೇ ರೊಕ್ಕ ಗುಡ್ಡೆ ಲೆಕ್ಕದಲ್ಲೋ ಕಿಲೋ ಲೆಕ್ಕದಲ್ಲೋ ಸಿಗುವುದುಂಟು. ಹೊಸದಾಗಿ ಸಂಗ್ರಹ ಶುರು ಮಾಡಿದವರು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಚೀಲದೊಳಗೆ ಅಪರೂಪದ್ದೇನೋ ಇರಬಹುದೆಂಬ ಆಸೆಗೆ ದುಡ್ಡು ಸುರಿಯಬೇಡಿ. ಕಣ್ಣಿಂದ ಕಂಡು, ಗುರುತು ಹಿಡಿದ ನಾಣ್ಯಕ್ಕಷ್ಟೇ ಬೆಲೆ ಕಟ್ಟಿ.

ಹೋಗುವಾಗ ಜೇಬಿನಲ್ಲಿ 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿ, ಒಂದು ಅಯಸ್ಕಾಂತ, ಬಿಳಿ ಬಟ್ಟೆ ಇರಲಿ.

ಮಾರುವವರು ಮೇಲಿನಿಂದ ಎತ್ತಿ ಕೊಟ್ಟ ಹಿಡಿಯನ್ನು ನೋಡಿ ತೀರ್ಮಾನಿಸಬೇಡಿ. ಚೀಲದ ತಳಕ್ಕೆ ಕೈ ಹಾಕಿ ಮೂರು ಕಡೆಯಿಂದ ಇಪ್ಪತ್ತಿಪ್ಪತ್ತು ನಾಣ್ಯ ತೆಗೆದು ಬಟ್ಟೆ ಮೇಲೆ ಹರಡಿ. ಇಸವಿ ಓದಲು ಬರುವುದು ಒಂದು ಕಡೆ, ಸವೆದು ನುಣ್ಣಗಾದದ್ದು ಇನ್ನೊಂದು ಕಡೆ. ಅರವತ್ತರಲ್ಲಿ ಓದಲು ಬರುವವು ಇಪ್ಪತ್ತೂ ಇಲ್ಲದಿದ್ದರೆ ಆ ಚೀಲ ಬಿಟ್ಟುಬಿಡಿ. ಎಲ್ಲವೂ ಒಂದೆರಡೇ ಬಗೆಯ, ಬೆಳ್ಳಿಯ ಚೂರೂ ಇಲ್ಲದ ಚೀಲವಾದರೆ, ಒಳ್ಳೆಯದನ್ನು ಯಾರೋ ಆಗಲೇ ಆಯ್ದುಕೊಂಡಿದ್ದಾರೆ ಎಂದೇ ತಿಳಿಯಿರಿ.

ಆಮೇಲೆ ಲೆಕ್ಕ. ಐದನೇ ಜಾರ್ಜ್ ಕಾಲದ ಕಂಚಿನ ಕಾಲಾಣೆ 4.86 ಗ್ರಾಂ, ಅಂದರೆ ಕಿಲೋಗೆ ಸುಮಾರು 205 ನಾಣ್ಯ. ರಾಣಿ ವಿಕ್ಟೋರಿಯಾ ಕಾಲಾಣೆ 6.47 ಗ್ರಾಂ ಇರುವುದರಿಂದ 155ರ ಆಸುಪಾಸು ಬರುತ್ತದೆ. ಇದರಲ್ಲಿ ಓದಲು ಬರುವ ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿದು ಕಿಲೋ ಬೆಲೆಯನ್ನು ಅದರಿಂದ ಭಾಗಿಸಿ, ಒಂದೊಂದರ ಬೆಲೆ ಸಿಗುತ್ತದೆ; ಸವೆದವಕ್ಕೆ ಸೊನ್ನೆ. ಬಿಡಿಯಾಗಿ ಕೊಂಡರೆ ಬೀಳುವ ಬೆಲೆಗಿಂತ ಇದು ಹೆಚ್ಚಾದರೆ ಚೀಲ ಕೊಳ್ಳುವುದರಲ್ಲಿ ಅರ್ಥವಿಲ್ಲ.

ನಮ್ಮ ಭಾಗದ ಚೀಲಗಳಲ್ಲಿ ಹೆಚ್ಚಿಗೆ ಗಮನ ಕೊಡಬೇಕಾದದ್ದು ನಿಜಾಮರ ನಾಣ್ಯಗಳಿಗೆ. ಚಾರ್‌ಮಿನಾರ್ ಇರುವ ರೂಪಾಯಿ ಕೈಗೆ ಬಂದರೆ ನಡುಬಾಗಿಲಿನೊಳಗೆ ಭೂತಗನ್ನಡಿ ಹಿಡಿಯಿರಿ. ಅಲ್ಲಿ 'ಮೀಮ್' ಅಕ್ಷರವಿದ್ದರೆ ಅದು 1911ರಲ್ಲಿ ತೀರಿಕೊಂಡ ಮಹಬೂಬ್ ಅಲಿ ಖಾನರದು, 'ಐನ್' ಇದ್ದರೆ ಉಸ್ಮಾನ್ ಅಲಿ ಖಾನರದು. ಇಸವಿ ಹಿಜರಿಯಲ್ಲಿರುತ್ತದೆ, 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಹೆಚ್ಚುಕಡಿಮೆ ಸಿಗುತ್ತದೆ. 1330 ಎಂದರೆ 1912, 1361 ಎಂದರೆ 1942. ಹೊಸಬರು ತಪ್ಪುವುದು ಅಂಕಿಯಲ್ಲಿ: ಉರ್ದುವಿನ ಐದು ನಮ್ಮ ಸೊನ್ನೆಯನ್ನು ಹೋಲುತ್ತದೆ, ಅವರ ಸೊನ್ನೆ ಬರೀ ಚುಕ್ಕೆ. ಓಣಿಯಲ್ಲಿ ಉರ್ದು ಶಾಲೆಯಲ್ಲಿ ಕಲಿತ ಹಿರಿಯರಿದ್ದರೆ ಒಂದು ಸಂಜೆ ಕೂತು ಕಲಿತುಬಿಡಿ. ಇಸವಿ ಓದಲೇಬೇಕು, ಏಕೆಂದರೆ ಹಿಜರಿ 1330ರ ದಶಕದ 'ಹಾಲಿ' ರೂಪಾಯಿಯಲ್ಲಿ (ನಿಜಾಮರ ರೂಪಾಯಿಗೆ ಇದ್ದ ಹೆಸರು) ಶೇ 81.8 ಬೆಳ್ಳಿ, 1361ರಿಂದ ಈಚಿನದರಲ್ಲಿ ಶೇ 50 ಮಾತ್ರ. ತೂಕ ಎರಡರದೂ ಒಂದೇ, 11.18 ಗ್ರಾಂ. ತಕ್ಕಡಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. 11.66 ಗ್ರಾಂನ ಬ್ರಿಟಿಷ್ ರೂಪಾಯಿಯಲ್ಲೂ ಹೀಗೇ: 1939ರವರೆಗೆ ಶೇ 91.7, 1940ರಿಂದ 45ರವರೆಗೆ ಶೇ 50.

ರಾಣಿ ಛಾಪಿನ ರೂಪಾಯಿಗಳನ್ನು ಸರಕ್ಕೆ ಪೋಣಿಸುವ ರೂಢಿ ಇತ್ತಲ್ಲ, ಹಾಗಾಗಿ ತಲೆಯ ಮೇಲ್ಭಾಗದ ಅಂಚನ್ನು ಬೆಳಕಿಗೆ ಹಿಡಿಯಿರಿ. ಅಂಚಿನ ಗೆರೆ ಅಲ್ಲಿ ಮಾತ್ರ ಅಳಿಸಿದ್ದರೆ ಕೊಂಡಿಯ ಬೆಸುಗೆ ಕಿತ್ತು ಉಜ್ಜಿದ್ದಾರೆ. ಅದಕ್ಕೆ ಬೆಳ್ಳಿಯ ಬೆಲೆ ಕೊಡಿ, ಸಂಗ್ರಹದ ಬೆಲೆ ಬೇಡ.

ಅಯಸ್ಕಾಂತಕ್ಕೆ ಅಂಟಿದ್ದೆಲ್ಲ ನಕಲಿಯಲ್ಲ. 1947ರ ರೂಪಾಯಿ, 1946, 47ರ ಅರ್ಧ, ಕಾಲು ರೂಪಾಯಿಗಳು ನಿಕ್ಕಲ್‌ನವು, ಅಂಟಲೇಬೇಕು. ಬೆಳ್ಳಿ ಎಂದು ಹೇಳಿದ್ದು ಅಂಟಿದರೆ ಅನುಮಾನಪಡಿ. ಎರಕದ ನಕಲಿಯಲ್ಲಿ ಅಂಚಿನ ಸುತ್ತ ಜೋಡಣೆಯ ಗೆರೆ, ಮೈಮೇಲೆ ಸೂಜಿಮೊನೆಯಂಥ ಗುಳಿ, ಮೊಂಡಾದ ಅಕ್ಷರ ಕಾಣುತ್ತವೆ. ಹನುಮಂತ, ಲಕ್ಷ್ಮಿ, ಓಂ ಇರುವ '1818ರ ಈಸ್ಟ್ ಇಂಡಿಯಾ ಕಂಪನಿ' ನಾಣ್ಯಗಳು ಈಚಿನ ತಯಾರಿ, ಕಂಪನಿ ಅಂಥದ್ದನ್ನು ಟಂಕಿಸಿಯೇ ಇಲ್ಲ. 1911 ಮತ್ತು 1939ರ ರೂಪಾಯಿ ಕಂಡರೆ ಕೊನೆಯ ಅಂಕಿಯನ್ನು ಚೆನ್ನಾಗಿ ನೋಡಿ. 1912, 1938ರದ್ದನ್ನು ತಿದ್ದಿ ಮಾರುತ್ತಾರೆ.

'ಹೊಲದಾಗ ಸಿಕ್ಕಾವ, ಬಹಮನಿ ಕಾಲದವು' ಎಂದು ಮಣ್ಣು ಮೆತ್ತಿದ ತಾಮ್ರದ ನಾಣ್ಯ ತೋರಿಸಿದರೆ ಕೈ ಹಾಕಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಮುಚ್ಚಿಟ್ಟು ಮಾರುವುದು, ಕೊಳ್ಳುವುದು ಎರಡೂ ತಂಟೆ. ಜೊತೆಗೆ ಇತಿಹಾಸವೂ ಹಾಳು: ಎಲ್ಲಿ, ಯಾವುದರ ಜೊತೆ ಸಿಕ್ಕಿತೆಂಬುದು ಕಳೆದುಹೋದ ನಾಣ್ಯ ಅರ್ಧ ಮೂಕ. ಅಂಟು ಕಲೆಸಿ ಹಚ್ಚಿದ ಮಣ್ಣಿನ ನಕಲಿಗಳೂ ಇವೆ; ನೀರು ಹಾಕಿದರೆ ಮಣ್ಣು ಕರಗುವ ಬದಲು ಪದರವಾಗಿ ಏಳುತ್ತದೆ.

ಮನೆಗೆ ತಂದ ಮೇಲೆ ಹುಣಸೆಹಣ್ಣು, ನಿಂಬೆ, ಪೀತಾಂಬರಿ ಯಾವುದೂ ಬೇಡ. ಉಜ್ಜಿ ಹೊಳೆಸಿದ ಕಾಲಾಣೆಯ ಬೆಲೆ ಬಿದ್ದುಹೋಗುತ್ತದೆ, ಮತ್ತೆ ಆ ಕಂದು ಬಣ್ಣ ಬರಲು ವರ್ಷಗಳೇ ಬೇಕು. ಬಟ್ಟಿ ಇಳಿಸಿದ ನೀರಲ್ಲಿ ಒಂದು ದಿನ ನೆನೆಸಿ, ಒತ್ತದೆ ಒರೆಸಿ ಒಣಗಿಸಿ. ಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆ ಇದ್ದರೆ ಆ ನಾಣ್ಯವನ್ನು ಕೂಡಲೇ ಬೇರೆ ಇಡಿ. ತೇವವಿದ್ದರೆ ಅದು ಒಳಗೊಳಗೇ ತಿನ್ನುತ್ತದೆ. ಮೆತ್ತನೆ ಪಿವಿಸಿ ಪಾಕೀಟು ಕೂಡ ನಾಣ್ಯವನ್ನು ಹಸಿರಾಗಿಸಿ ಕೆಡಿಸುತ್ತದೆ. ರಟ್ಟಿನ ಚೌಕಟ್ಟಿಗೆ ಪಾಲಿಯೆಸ್ಟರ್ ಹಾಳೆ ಇರುವ ಹೋಲ್ಡರ್ ತನ್ನಿ.

ಒಂದೇ ಬಗೆಯವು ಹೆಚ್ಚಾಗಿ ಉಳಿದರೆ ಅವನ್ನು ಬೇರೆ ಸಂಗ್ರಾಹಕರೊಂದಿಗೆ ಅದಲುಬದಲು ಮಾಡಿಕೊಳ್ಳಿ. 'ರಿಸರ್ವ್ ಬ್ಯಾಂಕಿನಿಂದ ಲಕ್ಷ ರೂಪಾಯಿ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ' ಎಂದು ಫೋನು ಬಂದರೆ ಇಟ್ಟುಬಿಡಿ. ಅಂಥ ವ್ಯವಹಾರವನ್ನು ತಾನು ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಪ್ರಕಟಣೆ ಹೊರಡಿಸಿದೆ.