ಮೊದಲು ತೂಕ, ಆಮೇಲೆ ಅಂಚು, ಕೊನೆಗೆ ಮುಖ: ರೋಮನ್ ಬೆಳ್ಳಿ ನಾಣ್ಯ ಕೂಡಿಡುವುದು ಹೇಗೆ?

ರೋಮ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಅಂದ ಕೂಡಲೇ 'ಅದೆಲ್ಲ ಮ್ಯೂಸಿಯಂನಲ್ಲಿ ಇರೋದು, ನಮಗೆಲ್ಲಿ ಸಿಗುತ್ತೆ' ಅನ್ನುವವರೇ ಜಾಸ್ತಿ. ಆದರೆ ರೋಮನ್ನರು ಸೈನಿಕರ ಸಂಬಳಕ್ಕೆ ಅಂತಲೇ ಈ ನಾಣ್ಯಗಳನ್ನು ರಾಶಿ ರಾಶಿ ಮುದ್ರಿಸಿದರು. ಯುರೋಪಿನ ನೆಲದಲ್ಲಿ ಅವು ಇವತ್ತಿಗೂ ಗಡಿಗೆಗಟ್ಟಲೆ ಸಿಗುತ್ತಿವೆ. ಹಾಗಾಗಿ ಕೆಲವು ಚಕ್ರವರ್ತಿಗಳ ಅಸಲಿ ನಾಣ್ಯ ಸಾಧಾರಣ ಮೊಬೈಲ್ ಫೋನಿಗಿಂತ ಅಗ್ಗ.

ಈ ನಾಣ್ಯದ ಹೆಸರು ದೆನಾರಿಯಸ್. ನಮ್ಮ ಹಳೆಯ ಗ್ರಂಥಗಳಲ್ಲಿ ಬರುವ 'ದೀನಾರ' ಬಂದದ್ದೂ ಇದರಿಂದಲೇ.

ಯಾರ ನಾಣ್ಯದಿಂದ ಶುರು ಮಾಡಬೇಕು?

ಹೊಸಬರೆಲ್ಲ ಮೊದಲು ಕೇಳುವುದು ಆಗಸ್ಟಸ್, ನೀರೋ, ಇಲ್ಲವೇ ಟೈಬೀರಿಯಸ್. ಕೇಳಿದ ಹೆಸರು, ಅದಕ್ಕೇ ಬೆಲೆಯೂ ಏರಿರುತ್ತದೆ, ನಕಲಿಯೂ ಹೆಚ್ಚು. ಇನ್ನು ಕೆಲವರು ಸಿಂಹಾಸನದಲ್ಲಿ ಕೂತದ್ದೇ ಕಡಿಮೆ. ಕ್ರಿ.ಶ. 69ರಲ್ಲಿ ಓಥೋ ಆಳಿದ್ದು ಮೂರು ತಿಂಗಳು, 193ರಲ್ಲಿ ಡಿಡಿಯಸ್ ಜೂಲಿಯಾನಸ್ ಆಳಿದ್ದು 66 ದಿನ. ಆಳಿದ ದಿನ ಕಡಿಮೆ ಆದಷ್ಟೂ ನಾಣ್ಯ ದುಬಾರಿ.

ಆಂಟೊನಿನಸ್ ಪಯಸ್, ಸೆಪ್ಟಿಮಿಯಸ್ ಸೆವೆರಸ್, ಮೂರನೇ ಗೋರ್ಡಿಯನ್: ಈ ಮೂವರಲ್ಲಿ ಒಬ್ಬರಿಂದ ಶುರು ಮಾಡಿ. ನಾಣ್ಯ ಧಾರಾಳವಾಗಿ ಸಿಗುತ್ತದೆ, ಅಕ್ಷರವೂ ಸ್ಪಷ್ಟ. ಗೋರ್ಡಿಯನ್‌ನದು ಹೆಚ್ಚಾಗಿ ದೆನಾರಿಯಸ್ ಅಲ್ಲ, ತಲೆಯ ಮೇಲೆ ಸೂರ್ಯಕಿರಣದ ಮೊನಚು ಕಿರೀಟವಿರುವ ಆಂಟೊನಿನಿಯಾನಸ್. ಇದನ್ನು ಕ್ರಿ.ಶ. 215ರಲ್ಲಿ ಶುರು ಮಾಡಿದವನು ಕ್ಯಾರಕಲ್ಲಾ.

ತಕ್ಕಡಿ ಮೊದಲು, ನಾಣ್ಯ ಆಮೇಲೆ

ನಾನು ಇದನ್ನು ಕಲಿತದ್ದು ದುಡ್ಡು ಕಳೆದುಕೊಂಡು. ಒಂದು ಮೇಳದಲ್ಲಿ ಟೈಬೀರಿಯಸ್ ನಾಣ್ಯ ಕಂಡಿತು. ಮುಖ ಎಷ್ಟು ಚೆನ್ನಾಗಿತ್ತೆಂದರೆ ಚೌಕಾಸಿ ಕೂಡ ಮಾಡಲಿಲ್ಲ. ಮನೆಗೆ ಬಂದು ತೂಗಿದರೆ 2.6 ಗ್ರಾಂ! ಅವನ ಕಾಲದ ದೆನಾರಿಯಸ್ 3.7 ಗ್ರಾಂ ಆಸುಪಾಸು ಇರಬೇಕು. ಲೆನ್ಸ್ ಹಿಡಿದು ನೋಡಿದರೆ ಅಂಚಿನ ಸುತ್ತ ಅರ ಹಾಕಿ ಉಜ್ಜಿದ ಗೆರೆ. ಎರಡು ಅಚ್ಚಿನ ನಡುವೆ ಎರಕ ಹೊಯ್ದ ಗುರುತು ಅದು. ಅಸಲಿ ನಾಣ್ಯವನ್ನು ಎರಕ ಹೊಯ್ಯುತ್ತಿರಲಿಲ್ಲ, ಸುತ್ತಿಗೆಯಿಂದ ಬಡಿದು ಮುದ್ರಿಸುತ್ತಿದ್ದರು. ಆ ನಾಣ್ಯ ಈಗಲೂ ನನ್ನ ಮೇಜಿನ ಮೇಲಿದೆ, ಕಾಗದ ಹಾರದ ಹಾಗೆ.

ಆದ್ದರಿಂದ 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಮತ್ತು ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್, ಇವೆರಡನ್ನು ಮೊದಲು ಕೊಳ್ಳಿ. ಅಂಚು ನೋಡುವಾಗ ಬಿರುಕು ಕಂಡರೆ ಗಾಬರಿ ಬೇಡ. ಸುತ್ತಿಗೆ ಏಟಿಗೆ ಬೆಳ್ಳಿ ಬಿಲ್ಲೆ ಹರಡಿದಾಗ ಅಂಚು ಸೀಳುವುದು ಸಹಜ. ಅನುಮಾನ ಪಡಬೇಕಾದದ್ದು ಸುತ್ತಲೂ ಓಡುವ ಗೆರೆ, ಮೈಮೇಲಿನ ಸೂಜಿಮೊನೆಯಂಥ ಗುಳ್ಳೆ ಗುಂಡಿ, ಸಾಬೂನು ಸವೆದ ಹಾಗೆ ಮೆತ್ತಗಾದ ಅಕ್ಷರ. ಒಳಗೆ ತಾಮ್ರ, ಮೇಲೆ ಬೆಳ್ಳಿಯ ಹೊದಿಕೆ ಇರುವ ನಾಣ್ಯವೂ ಸಿಗಬಹುದು. ಅಂಥ ಕಳ್ಳನಾಣ್ಯ ರೋಮನ್ನರ ಕಾಲದಲ್ಲೇ ಇತ್ತು. ಅದನ್ನೇ ಹುಡುಕಿ ಕೊಳ್ಳುವವರೂ ಇದ್ದಾರೆ ಬಿಡಿ.

ನೆಲಕ್ಕೆ ಹಾಕಿ 'ಠಣ್' ಅನ್ನುತ್ತಾ ಅಂತ ಮಾತ್ರ ಪರೀಕ್ಷೆ ಮಾಡಬೇಡಿ. ಹಳೆಯ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಹಪ್ಪಳದಂತೆ ಮುರಿಯುವುದುಂಟು.

ಓದುವುದು ಹೇಗೆ?

ನಿಜವಾದ ಮಜಾ ಇರುವುದು ಇಲ್ಲಿ. ನನ್ನ ಮುಂದಿರುವ ಆಂಟೊನಿನಸ್ ಪಯಸ್ ನಾಣ್ಯವನ್ನೇ ತೆಗೆದುಕೊಳ್ಳಿ. ಅಗಲ 18 ಮಿಲಿಮೀಟರ್, ತೂಕ 3.2 ಗ್ರಾಂ. ಗಡ್ಡದ ಮುಖ. ಅಕ್ಷರಗಳು ಎಡಗಡೆ ಕೆಳಗೆ, ಗಡಿಯಾರದ ಏಳು ಗಂಟೆಯ ಜಾಗದಲ್ಲಿ ಶುರುವಾಗಿ ಮುಳ್ಳಿನ ದಿಕ್ಕಿನಲ್ಲೇ ಸುತ್ತುತ್ತವೆ. ಪದಗಳ ನಡುವೆ ಜಾಗ ಬಿಟ್ಟಿಲ್ಲ. 'ವಿ' ಕಂಡ ಕಡೆ ಕೆಲವೊಮ್ಮೆ 'ಯು' ಅಂತ ಓದಿಕೊಳ್ಳಬೇಕು.

ಹೆಸರಿನ ಪಕ್ಕ 'ಎವಿಜಿ', ಅಂದರೆ ಆಗಸ್ಟಸ್. ಇದು ಹೆಸರಲ್ಲ, ಚಕ್ರವರ್ತಿಯ ಬಿರುದು. 'ಪಿಪಿ' ಅಂದರೆ ನಾಡಿನ ತಂದೆ. ಆಮೇಲೆ 'ಟಿಆರ್‌ಪಿ', ಮುಂದೆ ರೋಮನ್ ಅಂಕಿಯಲ್ಲಿ 12. ಟಿವಿಯವರ ಟಿಆರ್‌ಪಿ ಅಲ್ಲ ಇದು! ಟ್ರಿಬ್ಯೂನ್, ಅಂದರೆ ಜನರ ಪ್ರತಿನಿಧಿಯ ಅಧಿಕಾರ ಅಂತ ಅರ್ಥ. ಈ ಅಧಿಕಾರ ವರ್ಷಕ್ಕೊಮ್ಮೆ ಹೊಸದಾಗುತ್ತಿತ್ತು, ಅಂಕಿ ಒಂದು ಏರುತ್ತಿತ್ತು. ಅವನಿಗೆ 12 ಅಂದರೆ ಕ್ರಿ.ಶ. 148-149. ಹಿಂದುಗಡೆ 'ಸಿಒಎಸ್' ಮತ್ತು ನಾಲ್ಕು ಗೀಟು, ಅಂದರೆ ನಾಲ್ಕನೇ ಸಲ ಕಾನ್ಸಲ್ (ರೋಮ್‌ನ ಉನ್ನತ ಹುದ್ದೆ). ಅವನು ನಾಲ್ಕನೇ ಸಲ ಕಾನ್ಸಲ್ ಆದದ್ದು 145ರಲ್ಲಿ, ಐದನೇ ಸಲ ಆಗಲೇ ಇಲ್ಲ. 161ರಲ್ಲಿ ಸಾಯುವವರೆಗೂ ಅದೇ ನಾಲ್ಕು ಗೀಟು. ಅದೊಂದನ್ನೇ ನಂಬಿದರೆ 16 ವರ್ಷದ ಅಂದಾಜು, ಟಿಆರ್‌ಪಿ ಸೇರಿಸಿದರೆ ಒಂದು ವರ್ಷದ ಲೆಕ್ಕ.

ಅದೇ ಬದಿಯಲ್ಲಿ ತಕ್ಕಡಿ ಹಿಡಿದು ನಿಂತ ಹೆಣ್ಣು, ನ್ಯಾಯದ ದೇವಿ ಈಕ್ವಿಟಾಸ್. 'ನಮ್ಮ ನಾಣ್ಯದಲ್ಲಿ ಮೋಸ ಇಲ್ಲ' ಅಂತ ಸರ್ಕಾರದ ಜಾಹೀರಾತು. ಆದರೆ ಕ್ರಿ.ಶ. 64ರಲ್ಲೇ ನೀರೋ ನಾಣ್ಯದ ತೂಕವನ್ನೂ ಬೆಳ್ಳಿಯನ್ನೂ ಇಳಿಸಿಯಾಗಿತ್ತು. ಸೆಪ್ಟಿಮಿಯಸ್ ಸೆವೆರಸ್ ಬರುವಷ್ಟರಲ್ಲಿ ಬೆಳ್ಳಿ ಹತ್ತಿರ ಹತ್ತಿರ ಅರ್ಧ. 270ರ ಸುಮಾರಿಗೆ ಆಂಟೊನಿನಿಯಾನಸ್ ಅಂದರೆ ಬೆಳ್ಳಿಯ ಹೆಸರು ಹೇಳಿಕೊಂಡ ತಾಮ್ರ ಅಷ್ಟೇ.

ಓದಿದ್ದನ್ನು ತಾಳೆ ನೋಡಲು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಆನ್‌ಲೈನ್ ಪಟ್ಟಿ 'ಓಕ್ರೆ' ಇದೆ, ಪುಕ್ಕಟೆ. ಚಕ್ರವರ್ತಿಯ ಹೆಸರು, ಕಂಡ ನಾಲ್ಕು ಅಕ್ಷರ ಹಾಕಿದರೆ ಫೋಟೊ ಸಮೇತ ಬರುತ್ತದೆ. ಅದರಲ್ಲಿರುವ 'ಆರ್‌ಐಸಿ' ಸಂಖ್ಯೆ, ಅಂದರೆ ರೋಮನ್ ಚಕ್ರವರ್ತಿಗಳ ನಾಣ್ಯಗಳ ಮುಖ್ಯ ಪಟ್ಟಿಯ ಸಂಖ್ಯೆ, ಬರೆದಿಟ್ಟುಕೊಳ್ಳಿ. ವ್ಯಾಪಾರಿಗಳು ಮಾತಾಡುವುದು ಅದೇ ಭಾಷೆ.

ಉಜ್ಜಬೇಡಿ

ಮನೆಯಲ್ಲಿ ಬೆಳ್ಳಿ ಅಂದರೆ ವಿಭೂತಿ, ಹುಣಸೆಹಣ್ಣು ಹುಡುಕುವ ಕೈ ನಮ್ಮದು. ಇಲ್ಲಿ ಬೇಡ. ಮೇಲಿನ ಕಪ್ಪು ಛಾಯೆ ಶತಮಾನಗಳಲ್ಲಿ ಕೂತದ್ದು, ಉಜ್ಜಿದರೆ ಬೆಲೆಯೂ ಹೋಯಿತು, ಅಂದವೂ ಹೋಯಿತು. ಮೆತ್ತನೆಯ ಪಿವಿಸಿ ಕವರಿನಲ್ಲೂ ಇಡಬೇಡಿ, ಹಸಿರು ಜಿಗುಟು ಹತ್ತುತ್ತದೆ. ಆಮ್ಲ ಇಲ್ಲದ ಕಾಗದದ ಕವರು ಸಾಕು. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹಿಡಿಯುವಾಗ ಅಂಚು ಮಾತ್ರ ಹಿಡಿಯಿರಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಲಿ.

ರಸೀದಿ ಮತ್ತು ಕಾನೂನು

ನೂರು ವರ್ಷ ದಾಟಿದ ನಾಣ್ಯ ನಮ್ಮಲ್ಲಿ 1972ರ ಪುರಾವಸ್ತು ಕಾಯ್ದೆಯಡಿ ಬರುತ್ತದೆ. ಪುರಾವಸ್ತು ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಪಾರ್ಸೆಲ್ ಮಾಡುವ ಆಸೆ ಬಿಟ್ಟುಬಿಡಿ. ರಸೀದಿಯಲ್ಲಿ ನಾಣ್ಯದ ತೂಕ, ಫೋಟೊ, ಹಿಂದೆ ಯಾರ ಬಳಿ ಇತ್ತು ಅನ್ನುವುದನ್ನು ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ಕೊಳ್ಳಲೇಬೇಡಿ.

ದುಡ್ಡು ಕೊಡದೆ ಸಿಕ್ಕಿದರೆ? ಸುಮ್ನೆ ಹೇಳುತ್ತಿಲ್ಲ. 1891ರಲ್ಲಿ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೇ ಸಿಕ್ಕಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ದೆನಾರಿಯಸ್ ಸಿಕ್ಕಿದೆ. ಪಾಯ ತೋಡುವಾಗಲೋ ಹೊಲ ಉಳುವಾಗಲೋ ಹಾಗೆ ಕಂಡರೆ ತೊಳೆಯಬೇಡಿ, ಹಂಚಿಕೊಳ್ಳಬೇಡಿ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ಬರೆದು ತಿಳಿಸಲೇಬೇಕು. ಗಡಿಗೆ ಇದ್ದ ಜಾಗದ ಫೋಟೊ ಹೊಡೆದುಕೊಂಡು, ಅದನ್ನೂ ಅರ್ಜಿಯ ಜೊತೆ ಲಗತ್ತಿಸಿ.