ಅಮೆರಿಕದ ವಿಮಾನದಲ್ಲಿ ‘ಪಿರವು ಪೋಲೆ’: ಐದು ಸೀಟು ಒಟ್ಟಿಗೆ ಹಿಡಿದ ಅನುಭವ

ಸೌತ್‌ವೆಸ್ಟ್ ಕಂಪೆನಿಯ ವಿಮಾನದಲ್ಲಿ ಐದು ಜನ ಒಟ್ಟಿಗೆ ಕೂರಬೇಕಾದರೆ ದುಡ್ಡು ಬಿಚ್ಚಲೇಬೇಕು ಅಂತ ಅಳಿಯ ಹೇಳಿದ, ಮಗಳು ಹೇಳಿದಳು, ಡಲ್ಲಾಸ್‌ನ ಅವರ ಕನ್ನಡ ಗೆಳೆಯರೆಲ್ಲ ಹೇಳಿದರು. ನಾವು ಬಿಚ್ಚದೆಯೇ ಒಟ್ಟಿಗೆ ಕೂತು ಬಂದೆವು. ಮಕ್ಕಳ ಮನೆಗೆ ಹೋಗಿಬರುವ ಉಡುಪಿ, ಮಂಗಳೂರು ಕಡೆಯವರಿಗೆ ಎ, ಬಿ, ಸಿ ಗುಂಪು, 60ರವರೆಗಿನ ನಂಬರು, ಕಂಬದ ಪಕ್ಕ ಸಾಲು ನಿಲ್ಲುವುದು, ಇವೆಲ್ಲ ಗೊತ್ತೇ ಉಂಟು. ಗೊತ್ತಿಲ್ಲದವರಿಗೆ ಒಂದು ಮಾತು: ಆಗ ಅಲ್ಲಿ ಸೀಟಿಗೆ ನಂಬರು ಇರಲಿಲ್ಲ, ಹತ್ತುವ ಸಾಲಿಗೆ ಮಾತ್ರ. ಬೇಗ ಚೆಕ್-ಇನ್ ಮಾಡಿದವರಿಗೆ ಮುಂದಿನ ನಂಬರು, ಮೊದಲು ಹತ್ತಿದವರು ಖಾಲಿ ಕಂಡ ಸೀಟಿನಲ್ಲಿ ಕೂರುವುದು. ಇನ್ನು ಮುಂದಿನದ್ದು ಹೇಳುತ್ತೇನೆ.

ಮೊದಲು ನಂಬರಿನ ಕತೆ. ಚೆಕ್-ಇನ್ ತೆರೆಯುವುದು ವಿಮಾನ ಹೊರಡುವ ಸರಿಯಾಗಿ 24 ಗಂಟೆ ಮುಂಚೆ, ಹೊರಡುವ ಊರಿನ ಗಡಿಯಾರದ ಪ್ರಕಾರ. ಮಗಳ ಮನೆಯವರು ಯಾವಾಗಲೂ ಬೆಳಗ್ಗಿನ ಆರೂವರೆಯ ವಿಮಾನವೇ ಹಿಡಿಯುವುದು. ಅಂದರೆ ಹಿಂದಿನ ದಿನ ಆರೂವರೆಗೆ ಎದ್ದು ಒತ್ತಬೇಕು. ಅವರು ಏಳುವ ಪೈಕಿ ಅಲ್ಲ. ಡಲ್ಲಾಸ್‌ನ ಬೇಸಿಗೆಯ ಆರೂವರೆ ಅಂದರೆ ಉಡುಪಿಯಲ್ಲಿ ಸಂಜೆ ಐದು. ನಾನು ಚಾ ಕುಡಿದು ಖಾಲಿ ಕೂತಿರುವ ಹೊತ್ತು. ಹಾಗಾಗಿ ಈ ಕೆಲಸ ನನ್ನ ಪಾಲಿಗೆ ಬಂತು. ಟಿಕೆಟಿನ ಆರು ಅಕ್ಷರದ ನಂಬರು, ಹೆಸರು ಮೊದಲೇ ತುಂಬಿಸಿಟ್ಟು, ನಾಲ್ಕು ಐವತ್ತೊಂಬತ್ತಕ್ಕೆ ಬೆರಳು ತಯಾರು. ಕರೆಂಟಿನ ಭರವಸೆ ಇಲ್ಲ ಅಂತ ಮೊಬೈಲ್ ಡೇಟಾ ಬೇರೆ ಆನ್.

ಎಷ್ಟು ಚುರುಕಾಗಿ ಒತ್ತಿದರೂ ಎ ಗುಂಪು ಸಿಕ್ಕಿದ್ದು ತೀರಾ ಕಡಿಮೆ. ಅರ್ಲಿಬರ್ಡ್ ಅಂತ ಮುಂಚಿತವಾಗಿ ನಂಬರು ಕೊಡುವ ಸೌಲಭ್ಯ ಇತ್ತು, ಅದಕ್ಕೆ ದುಡ್ಡು ಕೊಟ್ಟವರಿಗೆ 36 ಗಂಟೆ ಮುಂಚೆಯೇ ನಂಬರು ಹಂಚಿ ಆಗಿರುತ್ತಿತ್ತು. ನನ್ನ ಲೆಕ್ಕದಲ್ಲಿ, ತುಂಬಿದ ವಿಮಾನವಾದರೆ ಸರಿಯಾದ ಸಮಯಕ್ಕೆ ಒತ್ತಿದಾಗ ಬಿ 15ರಿಂದ 30ರೊಳಗೆ ಬರುತ್ತಿತ್ತು. ಐದು ನಿಮಿಷ ತಡವಾದರೆ ಬಿ 50ರ ಹತ್ತಿರ. ಅರ್ಧ ಗಂಟೆ ಹೋದರೆ ಸಿ, ಮತ್ತೆ ಮಾತಿಲ್ಲ. ಲ್ಯಾಪ್‌ಟಾಪಿನಲ್ಲಿ ಬೇಗವೋ ಫೋನಿನಲ್ಲಿ ಬೇಗವೋ ಅಂತಲೂ ನೋಡಿದ್ದೇನೆ, ಅಣ್ಣನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು. ವ್ಯತ್ಯಾಸ ಕಾಣಲಿಲ್ಲ.

ಕೈಕೊಟ್ಟದ್ದು ಮಾರ್ಚ್ ತಿಂಗಳು. ಅಲ್ಲಿ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ. ಮಕ್ಕಳ ರಜೆಯೂ ಅದೇ ಸಮಯಕ್ಕೆ. ಸೋಮವಾರದ ವಿಮಾನ, ಭಾನುವಾರ ಚೆಕ್-ಇನ್. ಚಳಿಗಾಲದ ಲೆಕ್ಕದಲ್ಲಿ ಸಂಜೆ ಆರು ಅಂತ ಅಲಾರಂ ಇತ್ತು, ಅದು ತೆರೆದದ್ದು ಐದಕ್ಕೆ. ಸಿ ಗುಂಪು. ಮಗಳು ಒಂದು ಕಡೆ, ಅಳಿಯ ಇನ್ನೊಂದು ಕಡೆ. ನಾಲ್ಕು ವರ್ಷದ ಮೊಮ್ಮಗ ಇದ್ದುದರಿಂದ ಯಾರೋ ಪುಣ್ಯಾತ್ಮರು ಎದ್ದು ಮಗಳ ಪಕ್ಕದಲ್ಲಿ ಜಾಗ ಬಿಟ್ಟರು.

2025ರ ಜುಲೈಯಲ್ಲಿ ನಾನೂ ಹೆಂಡತಿಯೂ ಅಲ್ಲೇ ಇದ್ದೆವು. ಒರ್ಲಾಂಡೋಗೆ ಐದು ಜನ. ಅರ್ಲಿಬರ್ಡ್ ತಲೆಗೆ 35 ಡಾಲರಿನ ಹಾಗೆ ತೋರಿಸುತ್ತಿತ್ತು. ಐದು ಜನ, ಹೋಗಿಬರಲು 350 ಡಾಲರು. ಆಗಿನ ದರಕ್ಕೆ ಹೆಚ್ಚುಕಡಿಮೆ 30,000 ರೂಪಾಯಿ, ಬರೀ ಸಾಲಿನಲ್ಲಿ ಮುಂದೆ ನಿಲ್ಲುವುದಕ್ಕೆ! ಸೀಟು ಇಂಥದ್ದೇ ಅಂತ ಆಗಲೂ ಖಾತ್ರಿ ಇರಲಿಲ್ಲ.

ಅಳಿಯನದ್ದು ಮಧ್ಯದ ದಾರಿ. ಒಬ್ಬರಿಗೆ ಮಾತ್ರ ಎ 1ರಿಂದ 15ರೊಳಗಿನ ಜಾಗ ಖರೀದಿಸುವುದು, ಅವರು ಮೊದಲು ಹೋಗಿ ಉಳಿದವರಿಗೆ ಸೀಟು ಹಿಡಿಯುವುದು. ಐವತ್ತು ಚಿಲ್ಲರೆ ಡಾಲರ್ ಕೊಟ್ಟು ನನ್ನನ್ನೇ ಕಳಿಸಿದ. ಸೀಟು ಹಿಡಿಯುವುದರಲ್ಲಿ ನನಗೆ ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿನ ತರಬೇತಿ ಉಂಟಲ್ಲ. ನಾಲ್ಕನೇ ಸಾಲಿಗೆ ಹೋಗಿ ಒಂದು ಸೀಟಿಗೆ ಬೈರಾಸು (ಟವೆಲು), ಒಂದಕ್ಕೆ ಹೆಂಡತಿಯ ಶಾಲು, ಇನ್ನೊಂದಕ್ಕೆ ಪುಸ್ತಕ ಇಟ್ಟು ಗಟ್ಟಿಯಾಗಿ ಕೂತೆ. ಎರಡು ನಿಮಿಷಕ್ಕೆ ಎತ್ತರದ ಒಬ್ಬ ಮನುಷ್ಯ ಬಂದ. ಬೈರಾಸನ್ನು ಎರಡು ಬೆರಳಲ್ಲಿ ಎತ್ತಿದ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿದ, ನಗುತ್ತಾ ನನ್ನ ಮಡಿಲಲ್ಲಿಟ್ಟು ಕೂತುಬಿಟ್ಟ. ಜಗಳಕ್ಕೂ ಆಸ್ಪದ ಇಲ್ಲ. ಸೀಟು ಹಿಡಿಯಬಾರದು ಅಂತಲೂ ಕಂಪೆನಿಯ ನಿಯಮ ಇರಲಿಲ್ಲ, ಹಿಡಿಯಬಹುದು ಅಂತಲೂ ಇರಲಿಲ್ಲ. ಬೈರಾಸಿಗೆ ಕುಂದಾಪುರದವರೆಗೆ ಇರುವ ಮರ್ಯಾದೆ ಟೆಕ್ಸಾಸಿನಲ್ಲಿ ಇಲ್ಲ ಮಾರ್ರೆ. ಹೆಂಡತಿ ಎರಡೂವರೆ ಗಂಟೆ ಇಬ್ಬರು ಅಪರಿಚಿತರ ನಡುವೆ ಕೈ ಮಡಚಿಕೊಂಡು ಕೂತಳು. ಒರ್ಲಾಂಡೋದಲ್ಲಿ ಇಳಿದ ಮೇಲೆ ಅವಳ ಬಾಯಿಂದ ಬಂದ ಮಾತು ಬರೆಯುವಂಥದ್ದಲ್ಲ.

ಅಲ್ಲಿ ಕೂತೇ ನನಗೆ ಒಂದು ವಿಷಯ ಕಂಡಿತ್ತು. ಬರುವವರೆಲ್ಲ ಮುಂದಿನ ಹತ್ತು ಹನ್ನೆರಡು ಸಾಲಿಗೇ ಮುಗಿಬೀಳುತ್ತಿದ್ದರು. ಬೇಗ ಇಳಿಯಬೇಕಂತೆ. ಹಿಂದೆ ತಿರುಗಿ ನೋಡಿದರೆ ಕೊನೆಯ ಸಾಲುಗಳು ಹೊತ್ತು ಕಳೆದರೂ ಖಾಲಿ. ನಮ್ಮ ಕಂಡಕ್ಟರುಗಳು ದಿನಕ್ಕೆ ನೂರು ಸಲ ‘ಪಿರವು ಪೋಲೆ, ಪಿರವು ಪೋಲೆ’ (ತುಳುವಿನಲ್ಲಿ ‘ಹಿಂದೆ ಹೋಗಿ’) ಅಂತ ಕೂಗುವುದು ಸುಮ್ಮನೆ ಅಲ್ಲ!

ವಾಪಸು ಬರುವಾಗ ನನ್ನ ಯೋಜನೆ. ‘ಮಾವ, ಇದು ಉಡುಪಿ ಬಸ್ಸಲ್ಲ’ ಅಂದ ಅಳಿಯ. ಇರಲಿ ಅಂದೆ. ಒರ್ಲಾಂಡೋದ ಬೆಳಗ್ಗೆ ಹನ್ನೊಂದರ ವಿಮಾನ, ಅಲ್ಲಿಯ ಗಡಿಯಾರ ಡಲ್ಲಾಸಿಗಿಂತ ಒಂದು ಗಂಟೆ ಮುಂದೆ. ಹಿಂದಿನ ದಿನ ನಾವು ಮಗುವನ್ನು ಕರೆದುಕೊಂಡು ತಿರುಗಾಟದಲ್ಲಿ. ಅಣ್ಣನ ಮಗ ಉಡುಪಿಯಲ್ಲಿ ರಾತ್ರಿ ಎಂಟೂವರೆಗೆ ಸರಿಯಾಗಿ ಒತ್ತಿದ. ಬಿ 20ರ ಆಸುಪಾಸು ಐದೂ ನಂಬರು ಸಾಲಾಗಿ ಬಂದವು. ಒಂದೇ ಟಿಕೆಟಿನಲ್ಲಿದ್ದರೆ ಹಾಗೆ ಬರುತ್ತಿತ್ತು.

ಇನ್ನು ಮುಖ್ಯ ಭಾಗ. ಆರು ವರ್ಷದ ಅಥವಾ ಅದಕ್ಕಿಂತ ಚಿಕ್ಕ ಮಗು ಇದ್ದರೆ ಎ ಮುಗಿದು ಬಿ ಶುರುವಾಗುವ ಮೊದಲು ಮಗುವಿನ ಜೊತೆ ಇಬ್ಬರು ದೊಡ್ಡವರನ್ನು ಬಿಡುತ್ತಿದ್ದರು. ಎಲ್ಲರೂ ಅಪ್ಪ ಅಮ್ಮನನ್ನೇ ಕಳಿಸುತ್ತಿದ್ದರು. ಅಜ್ಜ ಅಜ್ಜಿ ಆಮೇಲೆ ಒದ್ದಾಡುತ್ತಿದ್ದರು. ನಾನು ತಿರುಗಿಸಿದೆ. ಮೊಮ್ಮಗನ ಜೊತೆ ನಾನೂ ಹೆಂಡತಿಯೂ ಹೋದೆವು, ಮಗಳು ಅಳಿಯ ಬಿ ನಂಬರಿನಲ್ಲಿ ಬರಲಿ ಅಂತ. ಒರ್ಲಾಂಡೋ ವಿಮಾನವಾದ್ದರಿಂದ ಮಗುವಿನ ಸಾಲೇ ದೊಡ್ಡ ಮೆರವಣಿಗೆ. ಅವರೆಲ್ಲ ರೆಕ್ಕೆಯ ಹತ್ತಿರ ನಿಂತುಬಿಟ್ಟರು. ನಾವು ನಿಲ್ಲಲಿಲ್ಲ. ಕೊನೆಯ ಕೆಲವು ಸಾಲುಗಳಲ್ಲಿ ಒಂದನ್ನು ಹಿಡಿದೆವು, ಯಾವುದು ಅಂತ ಹೇಳುವುದಿಲ್ಲ. ತೀರಾ ಕೊನೆಯದಲ್ಲ, ಅಲ್ಲಿ ಶೌಚಾಲಯದ ಸಾಲು ಮೈಮೇಲೆ ಬರುತ್ತದೆ. ಮಗು ಕಿಟಕಿಗೆ, ನಾನು ದಾರಿಯ ಬದಿಗೆ, ನಡುವಿನದ್ದು ಖಾಲಿ. ನಾಲ್ಕು ವರ್ಷದ ಮಗುವಿಗೂ ಎಪ್ಪತ್ತರ ಮುದುಕನಿಗೂ ನಡುವೆ ಕೂರಲು ಯಾರೂ ತಾವಾಗಿ ಬರುವುದಿಲ್ಲ. ದಾರಿಯ ಆಚೆ ಬದಿಗೆ ಹೆಂಡತಿ, ಅವಳ ಪಕ್ಕದ ಎರಡು ಖಾಲಿ. ಅವನ್ನು ಅವಳು ಹೇಗೆ ಉಳಿಸಿದಳು ಎಂಬುದು ಅವಳ ವಿದ್ಯೆ. ಬೈರಾಸು ಹಾಕಲಿಲ್ಲ, ಸುಳ್ಳೂ ಹೇಳಲಿಲ್ಲ, ಅಷ್ಟು ಹೇಳಬಲ್ಲೆ. ಮಗಳು ನನ್ನ ಪಕ್ಕ ಬಂದಳು, ಅಳಿಯ ಅತ್ತೆಯ ಪಕ್ಕ. ಐದು ಜನ ಒಂದೇ ಸಾಲು. ಇಳಿಯುವಾಗ ಹದಿನೈದು ನಿಮಿಷ ಕಾಯಬೇಕಾಯಿತು. ಹೇಗೂ ಬ್ಯಾಗಿಗೆ ಕಾಯಲೇಬೇಕಲ್ಲ.

ಗಾಲಿಕುರ್ಚಿ ಕೇಳಿ, ಎಲ್ಲರಿಗಿಂತ ಮೊದಲು ಬಿಡುತ್ತಾರೆ ಅಂತ ಡಲ್ಲಾಸ್‌ನಲ್ಲಿ ಒಬ್ಬರು ಉಪಾಯ ಹೇಳಿಕೊಟ್ಟರು. ನಿಜವಾಗಿ ಬೇಕಾದವರು ಕೇಳಲಿ. ದಿನಾ ರಥಬೀದಿಯಲ್ಲಿ ಸುತ್ತು ಹಾಕುವ ನನ್ನ ಹೆಂಡತಿಯನ್ನು ಅದರಲ್ಲಿ ಕೂರಿಸುವುದು ನನಗೆ ಒಗ್ಗಲಿಲ್ಲ, ಅವಳೂ ಒಪ್ಪುತ್ತಿರಲಿಲ್ಲ.

ಇನ್ನೊಂದು ಚಿಕ್ಕ ಪ್ರಯೋಗ ಮಗಳಿಂದ ಮಾಡಿಸಿದ್ದೆ. ನಡುವೆ ಒಂದು ಊರಲ್ಲಿ ಇಳಿದು ಅದೇ ವಿಮಾನ ಮುಂದೆ ಹೋಗುವುದಾದರೆ, ಇಳಿಯುವವರು ಇಳಿದ ಮೇಲೆ, ಹೊಸಬರು ಹತ್ತುವ ಮೊದಲು ಸೀಟು ಬದಲಿಸಬಹುದಿತ್ತು. ಅವಳಿಗೆ ಇಡೀ ವಿಮಾನವೇ ಆಯ್ಕೆಗೆ ಸಿಕ್ಕಿತು. ಆದರೆ ಅಂಥ ವಿಮಾನದಲ್ಲಿ ಒಟ್ಟು ಹೊತ್ತು ಜಾಸ್ತಿ, ಮಗು ರಚ್ಚೆ ಹಿಡಿದ, ಮತ್ತೆ ಅವಳು ಆ ದಾರಿಗೆ ಹೋಗಲಿಲ್ಲ.

1971ರಿಂದ ಹಾರುತ್ತಿರುವ ಕಂಪೆನಿ ಈ ಪದ್ಧತಿಯನ್ನು ನಿಲ್ಲಿಸಿದೆ. 2026ರ ಜನವರಿ 27ರಿಂದ ಸೀಟಿಗೂ ನಂಬರು.  ಇಲ್ಲಿಂದ ಚೆಕ್-ಇನ್ ಮಾಡಿಕೊಡುವವರು ನೆನಪಿಡಿ, ನವೆಂಬರಿನ ಮೊದಲ ಭಾನುವಾರದ ನಂತರ ಡಲ್ಲಾಸ್‌ನ ಬೆಳಗ್ಗಿನ ಆರೂವರೆ ಅಂದರೆ ನಮ್ಮ ಸಂಜೆ ಆರು, ಐದಲ್ಲ.